ಏಳು ಕಟ್ಟೆಯಷ್ಟು ದೂರ

ನಮ್ಮ ಅತ್ತೆ ಬೈಲಹೊಂಗಲವನ್ನು ಕಟ್ಟೆಗಳಿಂದ ಅಳೆಯುತ್ತಿದ್ದರು. ದವಾಖಾನೆ ನಾಲ್ಕು ಕಟ್ಟೆ. ಕಾಯಿಪಲ್ಯದ ಪೇಟೆ ಐದು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಕಡೆ ಬರೀ ಕಂಪೌಂಡ್ ಗೋಡೆ, ಬಹಳ ದೂರದವರೆಗೆ ಕೂರಲು ಏನೂ ಇಲ್ಲ. ಹಾಗಾಗಿ ಅವರ ಪಾಲಿಗೆ ಬಸ್ ಸ್ಟ್ಯಾಂಡು ಈ ಊರಿನಲ್ಲೇ ಇರಲಿಲ್ಲ. ಅವರ ಅಕ್ಕನ ಮನೆ ಏಳು ಕಟ್ಟೆ.

ಎರಡೂ ಮೊಣಕಾಲು ಸವೆದ ಮೇಲೆ ಹುಟ್ಟಿದ ಲೆಕ್ಕ ಅದು. ನಮ್ಮ ಕಡೆಯ ಹಳೆಯ ಮನೆಗಳಿಗೆ ಬಾಗಿಲ ಪಕ್ಕದಲ್ಲಿ, ಗೋಡೆಗೆ ಹತ್ತಿಸಿ, ಓಣಿಗೆ ಮುಖ ಮಾಡಿ ಕಲ್ಲಿನ ಕಟ್ಟೆ ಕಟ್ಟಿರುತ್ತಾರೆ. ಮನೆ ನಿಮ್ಮದಾದರೂ ಕಟ್ಟೆ ಓಣಿಯದು. ಬಂದು ಕೂತವರನ್ನು ನೀವು ಯಾರೆಂದು ಕೇಳುವ ಪದ್ಧತಿಯಿಲ್ಲ. ನೇಸರಗಿ ಕಡೆಯಿಂದ ಸಂತೆಗೆ ಬಂದ ಹೆಂಗಸರು ಚೀಲ ಇಳಿಸಿ ಕೂರುತ್ತಿದ್ದರು, ಒಳಗಿನಿಂದ ನಾವು ಒಂದು ತಂಬಿಗೆ ನೀರು ಕೊಡುತ್ತಿದ್ದೆವು, ಕುಡಿದು ತಂಬಿಗೆಯನ್ನು ಹೊಸ್ತಿಲ ಬಳಿ ಇಟ್ಟು ಹೋಗುತ್ತಿದ್ದರು. ನಮ್ಮ ಕಟ್ಟೆಯ ಕಲ್ಲು ಕರಿಯದು, ಕೂತು ಕೂತು ನುಣುಪಾದದ್ದು. ಅದರ ಮೂಲೆಯಲ್ಲಿ ಯಾರೋ ಯಾವ ಕಾಲದಲ್ಲೋ ಹುಲಿಕಟ್ಟಿನ ಆಟದ ಮನೆ ಕೊರೆದಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಗೀರುಗಳಲ್ಲಿ ಕೂತ ಧೂಳನ್ನು ಕಸಬರಿಗೆಯ ಕಡ್ಡಿಯಿಂದ ಕೆದರಿ ತೆಗೆಯುತ್ತಿದ್ದೆ. ಅತ್ತೆ ನಗುತ್ತಿದ್ದರು.

"ಯವ್ವಾ, ಹಂಗ ತಿಕ್ಕಬ್ಯಾಡ. ಇಷ್ಟು ಸ್ವಚ್ಛ ಇಟ್ರ ಮಂದಿ ಕುಂದ್ರಾಕ ಹೆದರ್ತಾರ."

ತಿಕ್ಕುವುದು ನನಗೆ ಅಂಟಿದ ಅಭ್ಯಾಸ. ನನ್ನ ತವರು ರಾಮದುರ್ಗ, ಆದರೆ ಐದನೆಯ ತರಗತಿಯಿಂದ ಹತ್ತರವರೆಗೆ ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಬೇಕು, ಪ್ರಾರ್ಥನೆಗೆ ಮುಂಚೆ ಉಗುರು ತೋರಿಸಬೇಕು, ಅಕ್ಷರ ಗೆರೆಯ ಮೇಲೆ ಕೂರಬೇಕು. ಎಂಟನೆಯ ತರಗತಿಯಲ್ಲಿ 'ನಾನು ಬಾಳಬಯಸುವ ಊರು' ಎಂದು ಪ್ರಬಂಧ ಬರೆಸಿದರು. ಅಗಲವಾದ ನೇರ ರಸ್ತೆ, ಮುಚ್ಚಿದ ಗಟಾರ, ಎರಡೂ ಬದಿಗೆ ಸಮನಾಗಿ ಕತ್ತರಿಸಿದ ಗಿಡ, ಎಲ್ಲಿಯೂ ಯಾರೂ ಸುಮ್ಮನೆ ಕೂತಿರದ ಊರು ಎಂದು ಬರೆದೆ. ಬಹುಮಾನ ಬಂತು. 'ಯಾರೂ ಸುಮ್ಮನೆ ಕೂತಿರದ' ಎಂಬ ಮಾತಿನ ಪಕ್ಕದಲ್ಲಿ ಸಿಸ್ಟರ್ ಕೆಂಪು ಶಾಯಿಯಿಂದ ಸರಿ ಗುರುತು ಹಾಕಿದ್ದರು. ಆ ಹಾಳೆ ಈಗಲೂ ನನ್ನ ಟ್ರಂಕಿನಲ್ಲಿದೆ.

ಅತ್ತೆಯ ಅಕ್ಕನನ್ನು ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಇಬ್ಬರೂ ಹೂಲಿಯ ಹೆಣ್ಣುಮಕ್ಕಳು. ಎರಡು ವರ್ಷದ ಅಂತರದಲ್ಲಿ ಇದೇ ಊರಿಗೆ ಮದುವೆಯಾಗಿ ಬಂದವರು. ಚಿಕ್ಕವರಿದ್ದಾಗಲೇ ತಾಯಿ ಹೋದಳು, ಅಕ್ಕ ತಂಗಿಗೆ ಉಣಿಸಿ ಬೆಳೆಸಿದಳು ಎಂದು ಕೇಳಿದ್ದೇನೆ. ಲಕ್ವಾ ಹೊಡೆದು ದೊಡ್ಡತ್ತೆ ಹಾಸಿಗೆ ಹಿಡಿದ ಮೇಲೆ ಅದು ತಿರುವುಮುರುವಾಯಿತು. ಅವರ ಮಗ ಸೊಸೆ ಕೆಟ್ಟವರಲ್ಲ. ಮೈ ತೊಳೆಯುತ್ತಿದ್ದರು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದರು. ಆದರೆ ಸೊಸೆ ಬಾಯಿಗೆ ಚಮಚ ಹಿಡಿದರೆ ದೊಡ್ಡತ್ತೆ ಎರಡು ಗುಟುಕು ಅಂಬಲಿ ಕುಡಿದು ತುಟಿ ಬಿಗಿದುಕೊಳ್ಳುತ್ತಿದ್ದರು. ಉಣ್ಣುತ್ತಿದ್ದದ್ದು ತಂಗಿಯ ಕೈಯಿಂದ ಮಾತ್ರ. ಲಕ್ವಾ ಹೊಡೆದ ಬಾಯಿ ಓರೆಯಾಗಿತ್ತು. ಯಾವ ಕಡೆಯಿಂದ ತುತ್ತು ಇಡಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಗದ್ದ ಒರೆಸಬೇಕು ಎನ್ನುವುದು ಅತ್ತೆಗೆ ಗೊತ್ತಿತ್ತು. ಬೇರೆಯವರಿಗೆ ಅವಸರ.

ಹಾಗಾಗಿ ದಿನಾ ಮಧ್ಯಾಹ್ನ ಮೂರಕ್ಕೆ ಅತ್ತೆ ಸ್ಟೀಲಿನ ಡಬ್ಬಿ ಹಿಡಿದು ಹೊರಡುತ್ತಿದ್ದರು. ಬೇಸಿಗೆಯಲ್ಲಿ ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ಉಳಿದ ದಿನ ಬಿಸಿ ಹಾಲಿನಲ್ಲಿ ನೆನೆಸಿ ಕಿವುಚಿದ ರೊಟ್ಟಿ. ಮೊದಲ ಕಟ್ಟೆ ನಮ್ಮದೇ, ಅಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಎರಡನೆಯದು ಹಿಟ್ಟಿನ ಗಿರಣಿಯ ಮುಂದಿನದು; ಗಿರಣಿಯಾಕೆ ಹುಬ್ಬಿನ ಮೇಲೆ ಹಿಟ್ಟು ಕೂರಿಸಿಕೊಂಡು ಹೊರಗೆ ಬಂದು ಒಂದಿಷ್ಟು ಮಾತಾಡುತ್ತಿದ್ದಳು. ಮೂರನೆಯದು ರಿಟೈರಾದ ಮಾಸ್ತರರದು. ಅವರು ಪೇಪರಿನ ದಪ್ಪ ಅಕ್ಷರದ ಸುದ್ದಿಗಳನ್ನಷ್ಟೇ ಅತ್ತೆಗೆ ಓದಿ ಹೇಳುತ್ತಿದ್ದರು. ನಾಲ್ಕನೆಯದು ಬೀಗ ಹಾಕಿದ ಮನೆಯ ಕಟ್ಟೆ. ಅತ್ತೆಗೆ ಅದೇ ಬಹಳ ಇಷ್ಟ. "ಅಲ್ಲಿ ಯಾರೂ ಮಾತಾಡ್ಸಂಗಿಲ್ಲ ನೋಡು, ಖರೇನ ದಣಿವು ಆರತೈತಿ" ಎನ್ನುತ್ತಿದ್ದರು. ಮಿಕ್ಕ ಮೂರು ಆಚೆ ಓಣಿಯವು. ಅಲ್ಲಿನ ಮಾತುಗಳೆಲ್ಲ ಸಂಜೆ ಐದೂವರೆಗೆ ಖಾಲಿ ಡಬ್ಬಿಯ ಜೊತೆ ನಮ್ಮ ಮನೆಗೆ ಬರುತ್ತಿದ್ದವು.

ನಾನು ಆಗ ಇದನ್ನೆಲ್ಲ ಗಮನಿಸಿದ್ದೆ, ಆದರೆ ಇದು ಊರಿನ ಒಂದು ಸೌಕರ್ಯ ಎಂದು ತಿಳಿದಿರಲಿಲ್ಲ. ಸೌಕರ್ಯ ಎಂದರೆ ನನಗೆ ಅರ್ಜಿ ಕೊಟ್ಟು ಪಡೆಯುವಂಥದ್ದು.

ಪುರಸಭೆಗೆ ಅರ್ಜಿ ಬರೆಯಬೇಕಾಗಿ ಬಂದದ್ದು ಮಗಳ ದೆಸೆಯಿಂದ. ಬೀಗ ಹಾಕಿದ ಆ ಮನೆಯ ಕಟ್ಟೆಯ ಮೇಲೆ ಸಂಜೆ ಐದಾಯಿತೆಂದರೆ ನಾಲ್ಕೈದು ಪಡ್ಡೆ ಹುಡುಗರು ಬಂದು ಕೂರುತ್ತಿದ್ದರು. ಗುಟಕಾ ಉಗುಳಿ ಗೋಡೆಯೆಲ್ಲ ಕೆಂಪಾಗಿತ್ತು. ಮಗಳು ಆಗ ಪಿಯುಸಿ. ಒಂದು ದಿನ ಅವಳು ಬಂದವಳೇ ಬ್ಯಾಗು ಬಿಸಾಕಿ ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತಲೇ ಇದ್ದಳು. ಕೇಳಿದರೆ ಹೇಳಲಿಲ್ಲ. ಆಮೇಲೆ ಅಜ್ಜಿಗೆ ಹೇಳಿದಳು: "'ಏನ್ ಇಂಗ್ಲಿಷ್ ಮೇಡಂ, ನಮಗೂ ಒಂದೀಟು ಕಲಿಸ್ರಿ' ಅಂತಾರ ಅಜ್ಜಿ. ಅಂದು ನಗ್ತಾರ." ನಗುವಿನ ಬಗೆ ಅವಳು ಹೇಳಲಿಲ್ಲ. ಅತ್ತೆಗೂ ನನಗೂ ತಿಳಿಯಿತು.

"ನಾ ತಡಾ ಆದಾಗ ಅಲ್ಲೆ ಹೋದ್ರ ಎದ್ದು ನಿಂತು, ಕುಂದ್ರು ಅಜ್ಜಿ ಅಂತಾವ, ಬಾಡ್ಯಾಗೋಳು," ಎಂದರು ಅತ್ತೆ. "ಮುದುಕಿಗೆ ಜಾಗಾ ಬಿಡೂ ಬುದ್ಧಿ ಐತಿ, ಹುಡುಗಿಗೆ ದಾರಿ ಬಿಡೂ ಬುದ್ಧಿ ಇಲ್ಲ."

ಮರುದಿನ ಓಣಿಯ ಹೆಂಗಸರು ನಮ್ಮ ನಡುಮನೆಯಲ್ಲಿ ಸೇರಿದರು. ಬೇರೆಯವರ ಹೆಣ್ಣುಮಕ್ಕಳಿಗೂ ಅದೇ ಕಾಟವಿತ್ತು. ಅದರ ಜೊತೆಗೆ ತೆರೆದ ಗಟಾರ, ಬೆಳಗದ ದೀಪ, ಕಿತ್ತುಹೋದ ರಸ್ತೆ, ಹೀಗೆ ಮಾತು ಬೆಳೆಯಿತು.

"ವೈನಿ, ನೀವ ಬರೀರಿ," ಎಂದಳು, ನನ್ನನ್ನು ಅತ್ತಿಗೆಯೆಂದು ಕರೆಯುವ ಗಿರಣಿಯಾಕೆ. "ನಾವು ಬರದ್ರ ಆ ಕಾಗದಾ ಭಜಿ ಕಟ್ಟಾಕ ಹೋಗ್ತೈತಿ."

"ಇಂಗ್ಲಿಷ್‌ನಾಗ ಬರೀರಿ, ಹೆದರ್ತಾರ," ಎಂದಳು ಇನ್ನೊಬ್ಬಳು.

ಅತ್ತೆ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದರು. "ಇಂಗ್ಲಿಷ್‌ನಾಗ ಬರದ್ರ ಅವರಿಗೂ ತಿಳಿಯಂಗಿಲ್ಲ, ನಮಗೂ ತಿಳಿಯಂಗಿಲ್ಲ. ಇಬ್ಬರಿಗೂ ಸುಖ."

ಎಲ್ಲರೂ ನಕ್ಕರು. ನಾನು ಕನ್ನಡದಲ್ಲೇ ಬರೆದೆ. ಪೋಲಿಗಳ ಉಪಟಳ, ಗಟಾರ ಮುಚ್ಚುವುದು, ಬೀದಿದೀಪ, ರಸ್ತೆ. ಬರೆದು ಗಟ್ಟಿಯಾಗಿ ಓದಿದೆ. ಹೆಂಗಸರು ಒಬ್ಬೊಬ್ಬರಾಗಿ ಸಹಿ ಮಾಡಿದರು. ತಮ್ಮ ಅಂಗಡಿಯಿಂದ ನಮ್ಮ ಮನೆಯವರು ತಂದಿಟ್ಟಿದ್ದ ನೀಲಿ ಶಾಯಿಯ ಪ್ಯಾಡನ್ನು ಅತ್ತೆಯ ಮುಂದೆ ಹಿಡಿದೆ. ಅವರಿಗೆ ಓದು ಬರಹ ಬಾರದು.

"ನೀ ಬರದೀ ಅಂದ್ರ ಚಲೋನ ಬರದಿರ್ತಿ. ತಾ ಇಲ್ಲೆ," ಎಂದು ಹೆಬ್ಬೆಟ್ಟು ಒತ್ತಿದರು. ಸಹಿಗಳೆಲ್ಲಕ್ಕಿಂತ ಮೇಲೆ, ಹಿರಿಯರೆಂದು ಅವರಿಗೇ ಬಿಟ್ಟ ಜಾಗದಲ್ಲಿ.

ಎಲ್ಲರೂ ಹೋದ ಮೇಲೆ ಚಹಾದ ಕಪ್ಪುಗಳನ್ನು ತೊಳೆದಿಟ್ಟು ಬಂದು ಮತ್ತೊಮ್ಮೆ ಹಾಳೆ ನೋಡಿದೆ. ನನ್ನ ಕೊನೆಯ ಸಾಲಿಗೂ ಅತ್ತೆಯ ಹೆಬ್ಬೆಟ್ಟಿಗೂ ನಡುವೆ ಎರಡು ಬೆರಳಷ್ಟು ಜಾಗ ಖಾಲಿ ಉಳಿದಿತ್ತು. ಅದು ನನ್ನ ಕಣ್ಣಿಗೆ ಒಪ್ಪಲಿಲ್ಲ. ಇದನ್ನು ಓದಿದವರಿಗೆ ನಗು ಬರಬಹುದು, ಆದರೆ ಆದದ್ದು ಅಷ್ಟೇ. ಪತ್ರಲೇಖನ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು, ದೂರು ಯಾರು ಬೇಕಾದರೂ ಹೇಳುತ್ತಾರೆ, ಒಳ್ಳೆಯ ಪತ್ರ ಪರಿಹಾರವನ್ನೂ ಸೂಚಿಸಬೇಕು ಎಂದು. ನನ್ನ ಪತ್ರದಲ್ಲಿ ಪೋಲಿಗಳ ದೂರಿತ್ತು, ಪರಿಹಾರ ಇರಲಿಲ್ಲ. ಪೆನ್ನು ತೆಗೆದುಕೊಂಡು ಅಕ್ಷರ ಸ್ವಲ್ಪ ಸಣ್ಣ ಮಾಡಿ ಆ ಜಾಗ ತುಂಬಿಸಿದೆ:

'ರಸ್ತೆಗೆ ಚಾಚಿಕೊಂಡಿರುವ ಕಟ್ಟೆಗಳನ್ನು ತೆರವುಗೊಳಿಸಿದಲ್ಲಿ ಈ ತೊಂದರೆಯು ಶಾಶ್ವತವಾಗಿ ನಿವಾರಣೆಯಾಗುವುದೆಂದು ನಮ್ಮೆಲ್ಲರ ಅಭಿಪ್ರಾಯ.'

ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಕೆಂಪು ಉಗುಳಿನ ಆ ಒಂದು ಕಟ್ಟೆ. ಅತ್ತೆ ಮಧ್ಯಾಹ್ನ ದಣಿವಾರಿಸಿಕೊಳ್ಳುವ ಕಟ್ಟೆಯೂ ಅದೇ ಎಂದು ನನಗೆ ಆ ಗಳಿಗೆ ಹೊಳೆಯಲಿಲ್ಲ. ನಮ್ಮ ಮನೆಯದನ್ನು ಅದರ ಜೊತೆ ಎಣಿಸಲೇ ಇಲ್ಲ. 'ನಮ್ಮೆಲ್ಲರ' ಎಂದು ಬರೆದೆ. ಶಾಯಿ ಆರಲೆಂದು ಊದಿದೆ. ಹಾಳೆ ಈಗ ತುಂಬಿ ಚೆಂದ ಕಂಡಿತು. ಕಾನ್ವೆಂಟಿನ ಅಭ್ಯಾಸದಂತೆ ಒಂದು ನಕಲು ಬರೆದಿಟ್ಟುಕೊಂಡೆ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಐದನೆಯ ತಿಂಗಳು ಒಂದು ಬೆಳಿಗ್ಗೆ ಜೆಸಿಬಿ ಬಂತು.

ಜೊತೆಗೆ ಬಂದ ಎಂಜಿನಿಯರು ಚಿಕ್ಕ ವಯಸ್ಸಿನವರು, ಸಭ್ಯರು. ಎಲ್ಲರಿಗೂ ಕೈ ಮುಗಿದು, ಗಟಾರ ಸರಿಸಿ ರಸ್ತೆ ಅಗಲ ಮಾಡುತ್ತೇವೆ ಎಂದರು. ಆಚೆ ಓಣಿಯಿಂದ ಶುರುವಾಗಿ ಕಟ್ಟೆಗಳು ಒಂದೊಂದಾಗಿ ಎದ್ದವು. ಗೋಡೆಗೆ ಅಷ್ಟು ವರ್ಷ ಅಂಟಿಕೊಂಡಿದ್ದ ಕಲ್ಲು ಬಿಡುವಾಗ ಹಲ್ಲು ಕಿತ್ತಂತೆ ಸದ್ದಾಗುತ್ತಿತ್ತು. ನಮ್ಮ ಮನೆಗೆ ಬಂದಾಗ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಯಪ್ಪಾ, ಇದನ್ಯಾಕ ಕೀಳ್ತಿ? ಇದು ಯಾರಿಗೇನ ಮಾಡೇತಿ?"

"ಅಜ್ಜಿ, ನಿಮ್ಮ ಓಣಿಯವರ ಕೇಳ್ಯಾರ. ನೋಡ್ರಿ, ಅರ್ಜಿ ಇಲ್ಲೆ ಐತಿ." ಎಂಜಿನಿಯರು ಫೈಲು ತೆರೆದು ಅವರ ಮುಂದೆ ಹಿಡಿದರು. "ಅಕ್ಷರ ನೋಡ್ರಿ, ಛಾಪಿಸಿದಂಗ ಅದಾವ. ನಮ್ಮ ಆಫೀಸಿನಾಗ ಎಲ್ಲಾರಿಗೂ ತೋರಿಸೇನಿ."

ಅತ್ತೆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅಕ್ಷರ ಗೊತ್ತಿರಲಿಲ್ಲ, ನೀಲಿ ಹೆಬ್ಬೆಟ್ಟು ಗೊತ್ತಿತ್ತು. ಚೌಕಟ್ಟು ಬಿಟ್ಟು ಒಳಗೆ ಹೋದರು.

ಗಿರಣಿಯಾಕೆ ಓಡಿ ಬಂದಳು. "ವೈನಿ, ಕಟ್ಟಿ ಮಾತು ನಾವು ಹೇಳಿದ್ದಿಲ್ಲಲ್ರಿ? ನೀವು ಓದಿದಾಗ ನಾ ಕೇಳೇನಿ, ಗಟಾರಂದು ಇತ್ತು, ಲೈಟಿಂದು ಇತ್ತು."

ಆಗಲೇ ಹೇಳಿಬಿಡಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಇಲ್ಲ ಬಿಡ್ರಿ. ಆಫೀಸಿನವರು ತಮಗ ಬೇಕಾದಂಗ ಓದ್ಕೋತಾರ."

"ಹೌದ್ರಿ, ಅವರದು ಹಂಗ," ಎಂದು ಆಕೆ ನಂಬಿದಳು. ನನ್ನ ಮಾತನ್ನು ನಂಬದಿರಲು ಆಕೆಗೆ ಕಾರಣವೇ ಇರಲಿಲ್ಲ. ಆ ಓಣಿಯಲ್ಲಿ ನಾನು ಸುಳ್ಳು ಹೇಳದವಳು.

ಎರಡು ತಿಂಗಳಲ್ಲಿ ಕಾಂಕ್ರೀಟ್ ರಸ್ತೆಯಾಯಿತು. ಗಟಾರ ಮುಚ್ಚಿತು, ದೀಪ ಬಂದವು. ಎಲ್ಲರೂ ಮನೆಯ ಮುಂದೆ ವಾಹನ ಏರಿಸಲು ಟೈಲ್ಸಿನ ಇಳಿಜಾರು ಕಟ್ಟಿಸಿಕೊಂಡರು, ನಾವೂ ಕಾರಿಗಾಗಿ ಕಟ್ಟಿಸಿದೆವು. ನಮ್ಮ ಕಟ್ಟೆಯ ಕರಿಕಲ್ಲನ್ನು ಕೆಲಸದವರು ಬೋರಲು ಹಾಕಿ ಬಾಗಿಲ ಮುಂದಿನ ಗಟಾರಕ್ಕೆ ಮುಚ್ಚಳ ಮಾಡಿದ್ದರು. ಹುಲಿಕಟ್ಟಿನ ಗೀರು ಕೆಳಮುಖವಾಗಿ ಗಟಾರದ ನೀರನ್ನು ನೋಡುತ್ತಿದೆ. ರಸ್ತೆಯ ಫೋಟೋ ತೆಗೆದು ನಮ್ಮ ಕಾನ್ವೆಂಟ್ ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ವಾರ ಅಲ್ಲಿ ಯಾವ ಊರು ಬಾಳಲು ಚಲೋ ಎಂದು ವಾದ ನಡೆದಿತ್ತು, ಪುಣೆ, ಮೈಸೂರು ಎಂದೆಲ್ಲ. ಕಿತ್ತೂರಿಗೆ ಕೊಟ್ಟ ಗೆಳತಿ 'ನಮ್ಮೂರಿಗೆ ಇಂಥ ರಸ್ತೆ ಯಾವಾಗ್ರಿ' ಎಂದು ಬರೆದಳು. ಸವದತ್ತಿಯವಳು ಚಪ್ಪಾಳೆಯ ಚಿತ್ರ ಕಳಿಸಿದಳು. ನನಗೆ ಹೆಮ್ಮೆಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ನಾನು ಫೋಟೋ ತೆಗೆದದ್ದು ಮೂರು ಗಂಟೆಗೆ. ಅದರಲ್ಲಿ ದೂರದಲ್ಲಿ ಒಂದು ಕಂಬಕ್ಕೆ ಕೈ ಕೊಟ್ಟು ನಿಂತ ಸಣ್ಣ ಆಕೃತಿಯೊಂದಿದೆ. ಅದು ಅತ್ತೆ.

ಕೆಲಸ ನಡೆದಿದ್ದಾಗ ಅವರು ಕಿತ್ತಿಟ್ಟ ಕಲ್ಲಿನ ರಾಶಿಗಳ ಮೇಲೆ ಕೂತು ಕೂತು ಹೋಗುತ್ತಿದ್ದರು; ರಸ್ತೆಯಾದ ಮೊದಲ ವಾರವೂ ಹೋಗಿ ಬಂದರು. ಗಟಾರ ಮುಚ್ಚಿದ ಸಿಮೆಂಟ್ ಹಲಗೆಯ ಮೇಲೆ ಕೂತು ಏಳಲಾಗದಿದ್ದಾಗ ಯಾರೋ ಕೈ ಹಿಡಿದು ಎಬ್ಬಿಸಿದರಂತೆ. ಸೀರೆಯ ಅಂಚಿಗೆ ಸಿಮೆಂಟಿನ ಬಿಳಿ ಹತ್ತಿತ್ತು. ಗಿರಣಿಯಾಕೆ ಎರಡು ದಿನ ಸ್ಟೂಲು ತಂದಿಟ್ಟಳು. ಮೂರನೆಯ ದಿನ ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬವಿತ್ತು. ಅತ್ತೆ ಕೇಳಲಿಲ್ಲ. ಕಟ್ಟೆಯ ಮೇಲೆ ಕೂರಲು ಯಾರನ್ನೂ ಕೇಳಬೇಕಿರಲಿಲ್ಲ, ಸ್ಟೂಲನ್ನು ಕೇಳಬೇಕು. ಮಾಸ್ತರರು ಒಳಗೆ ಟಿವಿಯ ಮುಂದೆ ಕೂರತೊಡಗಿದ್ದರು, ಬಾಗಿಲು ಹಾಕಿರುತ್ತಿತ್ತು. ಬೀಗದ ಮನೆಯವರು ಎಲ್ಲಿಂದಲೋ ಬಂದು ಮೊನೆಯಿರುವ ಕಬ್ಬಿಣದ ಗ್ರಿಲ್ಲು ಹಾಕಿಸಿ ಹೋದರು.

ಎರಡನೆಯ ವಾರ ಒಂದು ದಿನ ಅತ್ತೆ ನಾಲ್ಕು ಗಂಟೆಗೇ ಹಿಂತಿರುಗಿದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟಾಗ ತೂಕದಿಂದಲೇ ತಿಳಿಯಿತು. ಮುಚ್ಚಳ ತೆಗೆದಿರಲಿಲ್ಲ.

"ಮಾಸ್ತರ ಮನಿ ತನಕಾ ಹೋದೆ," ಎಂದರು. "ಮುಂದ ಆಗಲಿಲ್ಲ. ನಿಂತೆ. ನಿಂತ್ರ ಮೊಣಕಾಲು ಇನ್ನೂ ನೋಯ್ತಾವು. ಹಿಂದೂ ಬರಾಕ ಆಗವಲ್ದು, ಮುಂದೂ ಹೋಗಾಕ ಆಗವಲ್ದು. ಹಗಲಿನಾಗ ನಡೂ ದಾರ್ಯಾಗ ಅಳೂದು ಹೆಂಗ ಹೇಳು."

ಆಟೋ ಕರೆದು ನೋಡಿದೆವು. ಅದಕ್ಕೆ ಹತ್ತುವಾಗ ಮೊಣಕಾಲು ಮಡಿಸಬೇಕು, ಅವರದು ಮಡಿಯುವುದಿಲ್ಲ. ಎತ್ತಿ ಕೂರಿಸುವಾಗ ಡ್ರೈವರು, "ಅಜ್ಜಿ, ಇಷ್ಟು ಹತ್ರಕ್ಕ ಆಟೋ ಬೇಕೇನು, ಇದೇನ್ ಮದಿವಿ ಮೆರವಣಿಗಿ ಏನು?" ಎಂದು ನಕ್ಕ. ಕೆಟ್ಟ ಮನಸ್ಸಿನಿಂದಲ್ಲ. ಅತ್ತೆ ಮತ್ತೆ ಆಟೋದ ಮಾತೆತ್ತಲಿಲ್ಲ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದೆ ಸರಿಸಿದರೆ ಹೇಗೋ ಕೂರುತ್ತಿದ್ದರು. ನನಗೆ ಕಾರು ಬರುವುದಿಲ್ಲ, ಮನೆಯವರಿಗೆ ಅಂಗಡಿ. ಹಾಗಾಗಿ ಭಾನುವಾರಕ್ಕೊಮ್ಮೆ ಎಂದಾಯಿತು. ದೊಡ್ಡತ್ತೆಯ ಓಣಿ ನಮ್ಮದಕ್ಕಿಂತ ಸಣ್ಣದು. ಕಾರು ನಿಲ್ಲಿಸಿದರೆ ಹಿಂದಿನವರು ಹಾರ್ನು ಹೊಡೆಯುತ್ತಾರೆ. ಮನೆಯವರು ಹೊಸ್ತಿಲಲ್ಲಿ ನಿಂತು, "ಲಗೂ ಬಾರವ್ವಾ" ಎನ್ನುತ್ತಿದ್ದರು. ದೊಡ್ಡತ್ತೆಗೆ ಒಂದು ತುತ್ತು ನುಂಗಲು ಎಷ್ಟು ಹೊತ್ತು ಬೇಕು ಎನ್ನುವುದು ಹಾರ್ನಿಗೆ ಗೊತ್ತಿಲ್ಲ.

ವಾರದ ಉಳಿದ ಆರು ದಿನ ನಾನೇ ಡಬ್ಬಿ ಒಯ್ಯುತ್ತಿದ್ದೆ. ಬರೀ ಎಂಟು ನಿಮಿಷದ ದಾರಿ. ಅದನ್ನು ಅತ್ತೆ ಮುಕ್ಕಾಲು ಗಂಟೆ ನಡೆಯುತ್ತಿದ್ದರು ಎನ್ನುವುದು ನನಗೆ ಆಗಲೇ ಗೊತ್ತಾದದ್ದು. ಕೋಣೆಯಲ್ಲಿ ಫಿನಾಯಿಲ್ ಮತ್ತು ವಿಭೂತಿಯ ವಾಸನೆ. ದೊಡ್ಡತ್ತೆ ನನ್ನನ್ನು ನೋಡಿ, ನನ್ನ ಹಿಂದಿನ ಬಾಗಿಲು ನೋಡುತ್ತಿದ್ದರು.

"ಸಣ್ಣಾಕಿ?" ಎಂದು ಕೇಳುತ್ತಿದ್ದರು. ಆ ಬಾಯಿಯಲ್ಲಿ ಅದೊಂದೇ ಮಾತು ಸರಿಯಾಗಿ ಬರುತ್ತಿದ್ದದ್ದು.

"ನಾಳಿ ಬರ್ತಾರ್ರಿ."

ನಾನು ಎಡಗಡೆಯಿಂದ ತುತ್ತು ಇಟ್ಟೆ, ಅತ್ತೆ ಹೇಳಿಕೊಟ್ಟ ಹಾಗೆಯೇ. ಕಾದೆ. ಗದ್ದ ಒರೆಸಿದೆ. ಎರಡು ತುತ್ತಿಗೆ ತುಟಿ ಬಿಗಿಯಾಯಿತು. ನನಗೆ ಎಲ್ಲ ಕ್ರಮವಾಗಿ ಬರುತ್ತಿತ್ತು, ಕ್ರಮ ಬಿಟ್ಟು ಇನ್ನೇನು ಬೇಕಿತ್ತೋ ಅದು ನನ್ನ ಕೈಯಲ್ಲಿ ಇರಲಿಲ್ಲ. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಇರುತ್ತಿದ್ದರು. ಡಬ್ಬಿಯನ್ನು ತಾವೇ ಕೈಗೆ ತೆಗೆದುಕೊಂಡು ತೂಗಿ ನೋಡಿ ಅಡುಗೆಮನೆಗೆ ಒಯ್ಯುತ್ತಿದ್ದರು. ನಾನು ಒಂದು ದಿನ, ದೇವರು ಕ್ಷಮಿಸಲಿ, ದಾರಿಯಲ್ಲಿ ಒಂದು ನಾಯಿಗೆ ಅರ್ಧ ಸುರಿದು ಬಂದೆ. ಅತ್ತೆ ಡಬ್ಬಿ ಹಿಡಿದು, "ಇವತ್ತು ಚಲೋ ಉಂಡಾಳ" ಎಂದರು. ಆ ರಾತ್ರಿ ತಾವೂ ಎರಡು ರೊಟ್ಟಿ ಉಂಡರು. ಆಮೇಲೆ ಎಷ್ಟು ದಿನ ಹಾಗೆ ಸುರಿದೆನೋ ಹೇಳಲಾರೆ.

ಪಡ್ಡೆಗಳು? ಅವರು ಎಲ್ಲಿಗೂ ಹೋಗಿರಲಿಲ್ಲ. ಅದೇ ಜಾಗದಲ್ಲಿ ಬೈಕು ನಿಲ್ಲಿಸಿ ಅದರ ಮೇಲೆ ಕೂರತೊಡಗಿದರು. ರಸ್ತೆ ಅಗಲವಾದ್ದರಿಂದ ಬೈಕಿಗೆ ಜಾಗ ಧಾರಾಳ. ಮಾಸ್ತರರು ಹೊರಗೆ ಕೂತಿರುತ್ತಿದ್ದಾಗ ಆ ಗುಂಪು ದನಿ ತಗ್ಗಿಸುತ್ತಿತ್ತು, ಈಗ ಓಣಿಯಲ್ಲಿ ದೊಡ್ಡವರೆಂದು ಯಾರೂ ಕೂತಿಲ್ಲ. ಮಗಳು ಒಂದು ಸಂಜೆ ಷೂ ಬಿಚ್ಚುತ್ತ ಬಹಳ ಸಾದಾ ದನಿಯಲ್ಲಿ ಹೇಳಿದಳು: "ಮಮ್ಮಿ, ಮೊದಲ ಅವರು ಕುಂತಿರ್ತಿದ್ರು. ಈಗ ಹಿಂದ ಬರ್ತಾರ."

ದೊಡ್ಡತ್ತೆ ಹೋದದ್ದು ಒಂದು ಬುಧವಾರ ಬೆಳಿಗ್ಗೆ. ಎರಡು ಭಾನುವಾರಗಳ ನಟ್ಟನಡುವೆ. ವೈದ್ಯರು ವಯಸ್ಸು ಎಂದರು, ಎದೆಯಲ್ಲಿ ಕಫ ಎಂದರು. ಅವರ ಸೊಸೆ ನನ್ನ ಕೈ ಹಿಡಿದು, "ಎಂಟು ದಿವಸದಿಂದ ನಮ್ಮ ಕೈಲೆ ಬಾಯಿಗೆ ಏನೂ ಮುಟ್ಟಿಸಿಕೊಂಡಿರಲಿಲ್ರಿ ಅಕ್ಕಾ. ನೀವು ತಂದದ್ದೊಂದಿಷ್ಟು ಹೊಟ್ಟಿಗಿ ಹೋಗಿತ್ತು, ಅಷ್ಟ ಪುಣ್ಯ" ಎಂದಳು. ಡಬ್ಬಿ ಅರ್ಧ ಖಾಲಿಯಾಗಿರುತ್ತಿದ್ದುದನ್ನು ಅತ್ತೆ ಆಕೆಗೆ ಫೋನಿನಲ್ಲಿ ಹೇಳಿದ್ದರೇನೋ.

ನಮ್ಮಲ್ಲಿ ಹೋದವರನ್ನು ಕೂರಿಸುತ್ತಾರೆ. ಎರಡು ವರ್ಷ ಮಲಗಿದಲ್ಲೇ ಇದ್ದ ದೊಡ್ಡತ್ತೆ ಗೋಡೆಗೆ ಒರಗಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ನೆಟ್ಟಗೆ ಕೂತಿದ್ದರು. ಅತ್ತೆಯನ್ನು ಕಾರಿನಿಂದ ಇಳಿಸಿ ಇಬ್ಬರು ಹಿಡಿದು ತಂದು ಪಕ್ಕದಲ್ಲಿ ಕುರ್ಚಿ ಹಾಕಿದರು. ಅತ್ತೆ ಕುರ್ಚಿ ಬೇಡವೆಂದರು. ಎಲ್ಲರೂ ಬೇಡ ಎನ್ನುತ್ತಿದ್ದರೂ ನೆಲಕ್ಕೆ ಇಳಿದು, ಕಾಲು ಚಾಚಿ, ಅಕ್ಕನ ಭುಜಕ್ಕೆ ಭುಜ ತಾಗಿಸಿ ಕೂತರು. ಅತ್ತದ್ದು ನಾನು ನೋಡಲಿಲ್ಲ. ಸೆರಗಿನಿಂದ ಒಮ್ಮೆ ಅಕ್ಕನ ಗದ್ದ ಒರೆಸಿದರು, ಅಲ್ಲಿ ಏನೂ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಮೊರದ ತುಂಬ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಗಡಿಯಾರ ಮೂರು ಹೊಡೆಯಿತು. ಅವರ ಕೈ ನಿಂತಿತು.

"ಯವ್ವಾ, ಆ ಅರ್ಜಿದ ನಕಲು ಇಟ್ಟೀ ಏನು? ನೀ ಎಲ್ಲಾದರದೂ ನಕಲು ಇಡಾಕಿ."

"ಐತ್ರಿ ಅತ್ತಿ."

"ತಂದು ಓದು."

ತಂದೆ. ಓದಿದೆ. ಗಟಾರ, ದೀಪ, ರಸ್ತೆ ಎಲ್ಲ ಆದವು. ಕೊನೆ ಸಾಲಿಗೆ ಬಂದಾಗ ಅಲ್ಲಿಯೇ ಮಡಚಿಬಿಡಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ, ಅಥವಾ ಗೊತ್ತಾಗಿಬಿಡುತ್ತಿತ್ತು. ಓದಿದೆ. ಆಮೇಲೆ ಅದನ್ನೇ ಅವರ ಮಾತಿನಲ್ಲಿ ಹೇಳಿದೆ: "ರಸ್ತೆಗೆ ಬಂದ ಕಟ್ಟಿ ತಗದು ಹಾಕ್ರಿ, ಅಂದ್ರ ಈ ಕಾಟ ಹೋಗ್ತೈತಿ, ಇದು ನಮ್ಮೆಲ್ಲರ ಮಾತು ಅಂತ ಐತ್ರಿ. ಅದನ್ನ ನೀವು ಯಾರೂ ಹೇಳಿದ್ದಿಲ್ಲ. ನೀವೆಲ್ಲ ಹೋದ ಮ್ಯಾಲ ನಾ ಬರದೆ."

ಅತ್ತೆ ಜೋಳದ ಮೇಲೆ ಕೈಯಾಡಿಸಿದರು. "ನನ್ನ ಹೆಬ್ಬಟ್ಟ ಎಲ್ಲಿತ್ತು?"

"ಅದರ ಕೆಳಗ."

"ಹಂಗಾರ ನಾನೂ ಕೆಡವೀನಿ ಅನ್ನು."

"ಇಲ್ರಿ, ನಿಮಗ ಗೊತ್ತ ಇರಲಿಲ್ಲ. ಅದು ನಂದು—"

"ಹೆಬ್ಬಟ್ಟ ಒತ್ತಿದ ಮ್ಯಾಲ ಮುಗೀತಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಅಕ್ಕನ ಮಕ್ಕಳ ಮುಂದ ಇದನ್ನ ಆಡಬ್ಯಾಡ."

ನಾಯಿಯ ಮಾತನ್ನು ನಾನು ಅಂದೂ ಹೇಳಲಿಲ್ಲ. ಇಲ್ಲಿಯೇ ಮೊದಲು ಹೇಳುತ್ತಿರುವುದು.

ಮರುವಾರ ಇನ್ನೊಂದು ಅರ್ಜಿ ಬರೆದೆ. ನಮ್ಮ ಓಣಿಯಿಂದ ಆಚೆ ಓಣಿಯವರೆಗೆ ನಡೆಯಲಾರದವರು ಕೂರಲು ಏಳು ಕಡೆ ಕಲ್ಲಿನ ಆಸನ ಹಾಕಿಸಬೇಕು ಎಂದು. ಎಲ್ಲೆಲ್ಲಿ ಎಂಬುದನ್ನು ಚಿತ್ರ ಬರೆದು ಗುರುತಿಸಿದೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದು ನಾನೇ ನಡೆದು ಎಣಿಸಿದ್ದೆ. ಗಿರಣಿಯಾಕೆಯ ಮುಂದೆ ಹಳೆಯ ಅರ್ಜಿಯ ಕೊನೆಯ ಸಾಲು ನನ್ನದೇ ಎಂದು ಹೇಳಿದೆ. ಆಕೆ ಒಂದು ಕ್ಷಣ ನನ್ನನ್ನು ನೋಡಿ, "ಹೌದೇನ್ರಿ" ಎಂದು ಸಹಿ ಮಾಡಿದಳು. ಅಂದಿನಿಂದ ಆಕೆ ನನ್ನನ್ನು ವೈನಿ ಎನ್ನುವುದಿಲ್ಲ. ಯಾವ ಹೆಸರಿಂದಲೂ ಕರೆಯುವುದಿಲ್ಲ, ಹಿಟ್ಟು ಮಾತ್ರ ಮೊದಲಿನಷ್ಟೇ ನುಣ್ಣಗೆ ಬೀಸಿ ಕೊಡುತ್ತಾಳೆ.

ಕೊನೆಗೆ ಹಾಳೆಯನ್ನು ಅತ್ತೆಯ ಮುಂದಿಟ್ಟು, ಪ್ರತಿ ಮಾತನ್ನೂ ಎರಡೆರಡು ಸಲ ಓದಿ, ನನ್ನ ಕೊನೆಯ ಸಾಲಿಗೂ ಅವರ ಜಾಗಕ್ಕೂ ನಡುವೆ ಏನೂ ಸೇರದ ಹಾಗೆ ಅವರ ಎದುರೇ ಅಡ್ಡ ಗೆರೆ ಎಳೆದೆ. ನೀಲಿ ಪ್ಯಾಡು ತೆರೆದು ಹಿಡಿದೆ.

ಅವರು ಪ್ಯಾಡಿನ ಮುಚ್ಚಳವನ್ನು ತಾವೇ ಮುಚ್ಚಿದರು.

"ಕೊಡು ಯವ್ವಾ, ಅರ್ಜಿ ಕೊಡು. ಬ್ಯಾರೆ ಯಾರಿಗರ ಆದೀತು," ಎಂದರು. "ನನ್ನ ಹೆಬ್ಬಟ್ಟ ಯಾಕ? ನಾ ಇನ್ನ ಎಲ್ಲಿಗೆ ಹೋಗಬೇಕಾಗೇತಿ?"